ಪೆಟ್ರೋಲ್ ಬಂಕಿನ ಬೋರ್ಡ್ ಹೇಳದ ದರ ಏರಿಕೆ

ಪೆಟ್ರೋಲ್ ತುಟ್ಟಿಯಾಗಿದೆ ಅಂದರೆ 2025ರ ನವೆಂಬರ್‌ನಲ್ಲಿ ಯಾರೂ ನಂಬುತ್ತಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಬಂಕುಗಳಲ್ಲಿ ಲೀಟರಿಗೆ ₹103ರ ಆಸುಪಾಸಿನ ಅಂಕಿ 2024ರ ಜೂನ್‌ನಿಂದ ಹೆಚ್ಚುಕಮ್ಮಿ ಅಲ್ಲೇ ಕೂತಿತ್ತು. ಹಾಗಾಗಿ ಅದು ಸುದ್ದಿಯೂ ಆಗಿರಲಿಲ್ಲ. ಆದರೆ ಮನೆಯಲ್ಲಿ ತಿಂಗಳ ಖರ್ಚು ಬರೆದಿಡುವವರನ್ನು ಕೇಳಿ. ಓಡಾಟ ಅಷ್ಟೇ ಇದೆ, ದುಡ್ಡು ಮಾತ್ರ ಹೆಚ್ಚು ಹೋಗ್ತಿದೆ ಅಂತಾರೆ. ಅವರ ಲೆಕ್ಕ ತಪ್ಪಿಲ್ಲ.

ಮೆಕ್ಯಾನಿಕಲ್ ಓದಿದ್ದು ಬೇರೆ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ, ಇದಕ್ಕಾದರೂ ಬರಲಿ. ನಾವು ಈಗ ಹಾಕಿಸುತ್ತಿರುವುದು ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇದು ಯಾವ ಪಕ್ಷದ ಅಭಿಪ್ರಾಯವೂ ಅಲ್ಲ, ಪಠ್ಯಪುಸ್ತಕದ ಮಾತು. ಹಳೆಯ ಕಾರುಗಳಲ್ಲಿ ಮೈಲೇಜ್ 6ರಿಂದ 7% ಇಳಿಯಬಹುದು, ದ್ವಿಚಕ್ರ ವಾಹನಗಳಲ್ಲಿ 3ರಿಂದ 4% ಅಂತ ನೀತಿ ಆಯೋಗದ 2021ರ ವರದಿಯೇ ಬರೆದಿತ್ತು. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೂಡ ಇ20ಗೆ ಟ್ಯೂನ್ ಆಗದ ಗಾಡಿಗಳಲ್ಲಿ 3ರಿಂದ 6% ಇಳಿಕೆಯಾಗಬಹುದು ಅಂತ ಒಪ್ಪಿಕೊಂಡಿದೆ.

ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ನೌಕರಿ ಅಂದುಕೊಳ್ಳಿ. ದಿನಕ್ಕೆ 40 ಕಿಮೀ, ತಿಂಗಳಿಗೆ 25 ದಿನ, ಒಟ್ಟು 1,000 ಕಿಮೀ. ಲೀಟರಿಗೆ 16 ಕೊಡುತ್ತಿದ್ದ ಕಾರಿಗೆ 62.5 ಲೀಟರ್ ಬೇಕಿತ್ತು, ಸುಮಾರು ₹6,400. ಮೈಲೇಜ್ 5% ಇಳಿದರೆ ಇನ್ನೂ ಮೂರು ಲೀಟರ್ ಚಿಲ್ಲರೆ ಬೇಕು, ಅಂದರೆ ತಿಂಗಳಿಗೆ ₹330ರಿಂದ ₹340 ಹೆಚ್ಚು. ಪೆಟ್ರೋಲ್ ದರವನ್ನೇ ₹5 ಏರಿಸಿದ್ದರೂ ನಿಮ್ಮ ಜೇಬಿಗೆ ಹೆಚ್ಚುಕಮ್ಮಿ ಇಷ್ಟೇ ಕತ್ತರಿ ಬೀಳುತ್ತಿತ್ತು. ಒಂದೇ ದಿನ ₹5 ಏರಿಸಿದ್ದರೆ ಚನ್ನಮ್ಮ ಸರ್ಕಲ್‌ನಲ್ಲಿ ಟೈರ್ ಸುಡುತ್ತಿದ್ದರು. ಇದಕ್ಕೆ ಸಣ್ಣದೊಂದು ಘೋಷಣೆಯೂ ಕೇಳಲಿಲ್ಲ. ಹಳೆಯ ಗಾಡಿಯವರಿಗೆ ಬೇರೆ ಪೆಟ್ರೋಲ್ ಆರಿಸಿಕೊಳ್ಳುವ ಅವಕಾಶ ಕೊಡಿ ಅಂತ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಎಥೆನಾಲ್‌ನಿಂದ ರೈತರಿಗೆ ಲಾಭ ಅನ್ನುವ ವಾದ ಇದೆ, ನಿಜವಾದರೆ ನನ್ನ ತಕರಾರಿಲ್ಲ. ಆದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ಕೂತು, ಟನ್ನಿಗೆ ₹3,300 ಗಿಟ್ಟಿಸಲು ದಿನಗಟ್ಟಲೆ ಹೋರಾಡಬೇಕಾಯಿತು. ಕರ್ನಾಟಕದ ಎಥೆನಾಲ್ ಉತ್ಪಾದನಾ ಸಾಮರ್ಥ್ಯ 270 ಕೋಟಿ ಲೀಟರ್ ಇದ್ದರೂ ಹಂಚಿಕೆ ಸಿಕ್ಕಿದ್ದು 47 ಕೋಟಿ ಲೀಟರ್ ಮಾತ್ರ ಅಂತ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಪ್ರಧಾನಿಗೆ ದೂರಿದ್ದರು. ಮೈಲೇಜ್ ಕಳಕೊಂಡವರು ನಾವು. ಆ ದುಡ್ಡು ಹೊಲದವರೆಗೆ ಪೂರ್ತಿ ಹೋಗಿಲ್ಲ ಅಂತ ಬೀದಿಗಿಳಿದ ರೈತರೇ ಹೇಳ್ತಿದ್ದಾರೆ.

ಇನ್ನು ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92%ರಿಂದ 29.84%ಕ್ಕೂ ಡೀಸೆಲ್ ಮೇಲಿನದ್ದನ್ನು 14.34%ರಿಂದ 18.44%ಕ್ಕೂ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ 21.17%ಕ್ಕೆ ಹೋಯಿತು. ಏಪ್ರಿಲ್ 7ರಂದು ಬಿಜೆಪಿ ಮೈಸೂರಿನಿಂದ ಬೆಲೆ ಏರಿಕೆ ವಿರುದ್ಧ ಜನಾಕ್ರೋಶ ಯಾತ್ರೆ ಹೊರಡಿಸಿತು. ಅದೇ ದಿನ ದಿಲ್ಲಿಯಲ್ಲಿ ಕೇಂದ್ರ ಸರ್ಕಾರ ಅಡುಗೆ ಸಿಲಿಂಡರ್‌ಗೆ ₹50 ಏರಿಸಿ, ಪೆಟ್ರೋಲ್-ಡೀಸೆಲ್ ಅಬಕಾರಿ ಸುಂಕವನ್ನು ಲೀಟರಿಗೆ ₹2 ಹೆಚ್ಚಿಸಿತು! ಕಚ್ಚಾ ತೈಲ ಅಗ್ಗವಾಗಿದ್ದರಿಂದ ಆ ₹2 ಬೋರ್ಡಿನ ಮೇಲೆ ಕಾಣಲಿಲ್ಲ, ಅಷ್ಟೇ. 2022ರ ಜೂನ್‌ನಲ್ಲಿ ಬ್ಯಾರಲ್‌ಗೆ 110 ಡಾಲರ್ ದಾಟಿದ್ದ ತೈಲ 2025ರ ನವೆಂಬರ್‌ನಲ್ಲಿ 65ರ ಹತ್ತಿರ ಇತ್ತು. 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ₹101.94 ಇತ್ತು, 2025ರ ನವೆಂಬರ್‌ನಲ್ಲಿ ಅದಕ್ಕಿಂತ ಜಾಸ್ತಿ. ನಡುವಿನ ವ್ಯತ್ಯಾಸವನ್ನು ಕೇಂದ್ರ, ರಾಜ್ಯ ಮತ್ತು ತೈಲ ಕಂಪನಿಗಳು ಹಂಚಿಕೊಂಡಿವೆ. ನಮ್ಮ ಮನೆಗಳ ಪಾಲಿಗೆ ಏನೂ ಬಂದಿಲ್ಲ. ಗೋವಾಕ್ಕೆ ಹೋದ ಹುಬ್ಬಳ್ಳಿಯವರು ವಾಪಸ್ ಬರುವಾಗ ಗಡಿಗೆ ಮುಂಚೆ ಟ್ಯಾಂಕ್ ಫುಲ್ ಮಾಡಿಸುವುದು ಸುಮ್ಮನೆ ಅಲ್ಲ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಮತ್ತು 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದ ಮೇಲೆ ದಸರಾ-ದೀಪಾವಳಿಗೆ ಗಾಡಿ ಬುಕ್ ಮಾಡಿದವರು ನಮ್ಮ ಬಳಗದಲ್ಲೇ ಮೂವರಿದ್ದಾರೆ. ನವನಗರದ ನಮ್ಮ ಕಾಕಾ ಕೂಡ ಫೋನ್ ಮಾಡಿದ್ದರು. "ತಮ್ಮಾ, ನೀ ಎಂಜಿನಿಯರಿಂಗ್ ಓದೀಯಲ್ಲ, ಹೇಳು. ಪೆಟ್ರೋಲ್ ಗಾಡಿ ತಗೋಬೇಕೋ, ಸಿಎನ್‌ಜಿ ತಗೋಬೇಕೋ?"

ಸಿಎನ್‌ಜಿ ಕೆಜಿಗೆ ₹90, ಮೈಲೇಜ್ 25 ಅಂತ ಹಿಡಿದರೆ 1,000 ಕಿಮೀಗೆ ₹3,600. ಪೆಟ್ರೋಲ್‌ಗಿಂತ ತಿಂಗಳಿಗೆ ₹2,800 ಉಳಿತಾಯ. ಗಾಡಿಗೆ ₹90,000 ಹೆಚ್ಚು ಕೊಟ್ಟರೂ 32 ತಿಂಗಳಲ್ಲಿ ವಸೂಲಿ. ಆದರೆ ತಿಂಗಳಿಗೆ 600 ಕಿಮೀ ಮಾತ್ರ ಓಡಿಸಿದರೆ ಅದೇ ವಸೂಲಿಗೆ ನಾಲ್ಕೂವರೆ ವರ್ಷ. ಇಷ್ಟೆಲ್ಲ ಹೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು: "ಡಿಕ್ಕಿ ತುಂಬ ಸಿಲಿಂಡರ್ ಇದ್ರ ಊರಿಂದ ಜೋಳದ ಚೀಲ ಎಲ್ಲಿ ಇಡೂದೋ?" ಯಾವ ಎಕ್ಸೆಲ್ ಶೀಟಿನಲ್ಲೂ ಈ ಕಾಲಂ ಇರಲ್ಲ. ಆದರೆ ನಮ್ಮ ಕಡೆ ಕಾರಿನ ತೀರ್ಮಾನವಾಗುವುದು ಇಲ್ಲೇ.

ಎಲೆಕ್ಟ್ರಿಕ್ ಸ್ಕೂಟರಿನ ಲೆಕ್ಕ ಮೇಲ್ನೋಟಕ್ಕೆ ಎಲ್ಲರನ್ನೂ ಸೋಲಿಸುತ್ತದೆ. ಲೀಟರಿಗೆ 50 ಕೊಡುವ ಬೈಕಿಗೆ ತಿಂಗಳಿಗೆ ₹2,000 ದಾಟುತ್ತದೆ. ಅದೇ 1,000 ಕಿಮೀಗೆ ಇವಿ ಸ್ಕೂಟರ್ ಎಳೆಯುವುದು ಸುಮಾರು 35 ಯೂನಿಟ್. ಯೂನಿಟ್‌ಗೆ ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ₹7 ಅಂದರೂ ₹245. ಇಲ್ಲಿ ಶೋರೂಮಿನವರು ಹೇಳದ ಒಂದು ವಿಷಯ ಇದೆ, ಗೃಹಜ್ಯೋತಿ. 200 ಯೂನಿಟ್ ಒಳಗಿದ್ದರೆ ನಿಮ್ಮ ಹಕ್ಕಿನ ಯೂನಿಟ್‌ಗಳು ಉಚಿತ, ಮೇಲಿನದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ. ಈಗಾಗಲೇ 170-180 ಯೂನಿಟ್ ಬಳಸುವ ಮನೆಗೆ ಸ್ಕೂಟರ್ ಬಂದರೆ ಹೆಸ್ಕಾಂ ಬಿಲ್ ಸೊನ್ನೆಯಿಂದ ಸಾವಿರ ರೂಪಾಯಿಯ ಮೇಲಕ್ಕೆ ಜಿಗಿಯುತ್ತದೆ. ಆಗಲೂ ಪೆಟ್ರೋಲ್‌ಗಿಂತ ಅಗ್ಗವೇ, ಆದರೆ ಹೇಳಿದಷ್ಟು ಅಗ್ಗ ಅಲ್ಲ. ಹಳೇ ಹುಬ್ಬಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿರುವವರಿಗೆ ಈ ಲೆಕ್ಕವೂ ಇಲ್ಲ. ಕೆಳಗೆ ಪ್ಲಗ್ ಪಾಯಿಂಟ್ ಹಾಕಿಸಲು ಮನೆ ಮಾಲೀಕರು ಒಪ್ಪಬೇಕಲ್ಲ.

ಗಾಡಿಯೇ ಇಲ್ಲದವರು ಪಾರಾದರು ಅಂದುಕೊಳ್ಳಬೇಡಿ. 2025ರ ಜನವರಿ 5ರಿಂದ ಬಸ್ ದರ 15% ಏರಿತು, ಡೀಸೆಲ್ ವೆಚ್ಚ ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ಏರಿಸಿ ಮೂರು ತಿಂಗಳಾಗುವಷ್ಟರಲ್ಲಿ ಅದೇ ಸರ್ಕಾರ ಡೀಸೆಲ್ ತೆರಿಗೆ ಏರಿಸಿ, ತನ್ನದೇ ಸಾರಿಗೆ ಸಂಸ್ಥೆಗಳ ವೆಚ್ಚ ಹೆಚ್ಚಿಸಿತು. ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದೂ ಇದೇ ಡೀಸೆಲ್‌ಗೆ. ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ಬರುವುದೂ ಡೀಸೆಲ್ ಮೇಲೆಯೇ. ಶಕ್ತಿ ಯೋಜನೆಯಲ್ಲಿ ಅವ್ವನ ಬಸ್ ಟಿಕೆಟ್ ಉಳಿದ ಮನೆಯಲ್ಲೇ ಮಗನ ಟಿಕೆಟ್, ಮಗಳ ಶಾಲಾ ವ್ಯಾನ್, ಸಂತೆಯ ಚೀಲ ಮೂರೂ ಭಾರವಾಗಿವೆ.

ಅವಳಿ ನಗರಕ್ಕೆ ಇದರಿಂದ ತಪ್ಪಿಸಿಕೊಳ್ಳುವ ದಾರಿಯೊಂದು ಬಹಳ ಊರುಗಳಿಗಿಂತ ಮೊದಲೇ ಸಿಕ್ಕಿತ್ತು. 22 ಕಿಮೀ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು 2018ರಿಂದ ಇದೆ, ಅಧಿಕೃತ ಉದ್ಘಾಟನೆಯಾದದ್ದು 2020ರ ಫೆಬ್ರುವರಿಯಲ್ಲಿ. ಅದೂ ಡೀಸೆಲ್ ಕುಡಿಯುತ್ತದೆ, ಆದರೆ ಒಂದು ಬಸ್ಸು ರಸ್ತೆಯಿಂದ ಹತ್ತಾರು ಬೈಕು ಇಳಿಸುತ್ತದೆ. ಈಗ ಬಸ್ಸುಗಳು ಹಳತಾಗಿವೆ, ಸಂಜೆ ಹೊತ್ತು ನಿಲ್ಲಲೂ ಜಾಗ ಇರಲ್ಲ. ನಿಲ್ದಾಣದಿಂದ ಮನೆಗೆ ಹೋಗಲು ಮೀಟರ್ ಹಾಕದ ಆಟೊವೇ ಗತಿ. ಬಿಆರ್‌ಟಿಎಸ್ ಬದಲು ವಿದ್ಯುತ್ ಚಾಲಿತ ಇಆರ್‌ಟಿ ತರುವ ಮಾತನ್ನು 2025ರಲ್ಲಿ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಸಂತೋಷ್ ಲಾಡ್ ಆಡುತ್ತಿದ್ದರು. ಬರಲಿ. ಆದರೆ ಅದು ಬರುವ ತನಕ ಇದೇ ಪಥಕ್ಕೆ ಎಷ್ಟು ಹೊಸ ಬಸ್ಸು, ನಿಲ್ದಾಣದಿಂದ ಬಡಾವಣೆಗಳಿಗೆ ಎಷ್ಟು ಫೀಡರ್ ಬಸ್ಸು ಅಂತ ಸರ್ಕಾರ ಹೇಳಬೇಕು. ಕಾಕಾ ಇನ್ನೂ ಕಾರು ಬುಕ್ ಮಾಡಿಲ್ಲ. ನವನಗರದ ನಿಲ್ದಾಣಕ್ಕೆ ಮನೆ ಹತ್ತಿರದಿಂದ ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು ಸಿಕ್ಕರೆ ಬುಕ್ ಮಾಡುವುದೇ ಇಲ್ಲ ಅಂದಿದ್ದಾರೆ.