ಏಕಕಾಲ ಚುನಾವಣೆ: ಉಳಿತಾಯದ ಲೆಕ್ಕ, ಮತದಾರನ ಲೆಕ್ಕ

ಲೋಕಸಭೆ ಹಾಗೂ ವಿಧಾನಸಭೆಗಳಿಗೆ ಒಟ್ಟಿಗೆ ಚುನಾವಣೆ ನಡೆಸುವುದು ಹೊಸ ವಿಚಾರವೇನಲ್ಲ. 1951-52ರಿಂದ 1967ರವರೆಗೆ ಬಹುಮಟ್ಟಿಗೆ ಹಾಗೆಯೇ ನಡೆದಿತ್ತು. ರಾಜ್ಯ ಸರ್ಕಾರಗಳು ಅವಧಿಗೆ ಮುನ್ನ ಉರುಳಿ, 1970ರಲ್ಲಿ ಲೋಕಸಭೆಯೂ ವಿಸರ್ಜನೆಗೊಂಡ ಬಳಿಕ ಆ ಕ್ರಮ ತಪ್ಪಿತು. ಅದನ್ನು ಮರಳಿ ತರುವ ಸಂವಿಧಾನದ 129ನೇ ತಿದ್ದುಪಡಿ ಮಸೂದೆ 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಜಂಟಿ ಸಂಸದೀಯ ಸಮಿತಿಯ ಪರಿಶೀಲನೆಗೆ ಹೋಯಿತು.

ಪರವಾದ ವಾದದಲ್ಲಿ ಹುರುಳಿದೆ. ಮತಗಟ್ಟೆ, ಭದ್ರತೆ, ಸಿಬ್ಬಂದಿಯ ಹೊರೆ ತಗ್ಗುತ್ತದೆ. ನೀತಿಸಂಹಿತೆಯಿಂದಾಗಿ ಹೊಸ ಕಾಮಗಾರಿಗಳು ಪದೇ ಪದೇ ನಿಲ್ಲುವುದಿಲ್ಲ. ಶಿಕ್ಷಕರು ತರಗತಿ ಬಿಟ್ಟು ಚುನಾವಣಾ ಕರ್ತವ್ಯಕ್ಕೆ ತೆರಳುವುದೂ ಕಡಿಮೆಯಾಗುತ್ತದೆ.

ಆದರೆ ಕರ್ನಾಟಕದ ಮತದಾರ ದೆಹಲಿಯನ್ನೂ ಬೆಂಗಳೂರನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದವನು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಯ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆಯಿತ್ತು ಹೊಸ ಜನಾದೇಶ ಕೋರಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ನೀಡಿದರು. ಎರಡೂ ಒಂದೇ ದಿನ ನಡೆದಿದ್ದರೆ ಇಂದಿರಾ ಗಾಂಧಿ ಹತ್ಯೆಯ ಅನುಕಂಪದ ಅಲೆಯಲ್ಲಿ ರಾಜ್ಯದ ಪ್ರಶ್ನೆ ಕೊಚ್ಚಿಹೋಗುವ ಸಂಭವವಿತ್ತು.

ಇನ್ನೊಂದು ತೊಡಕೂ ಇದೆ. ಮಸೂದೆಯ ಪ್ರಕಾರ, ನಡುವೆ ವಿಸರ್ಜನೆಗೊಂಡ ವಿಧಾನಸಭೆಗೆ ಚುನಾವಣೆ ನಡೆದರೂ ಹೊಸ ಸಭೆಗೆ ಉಳಿದ ಅವಧಿಯಷ್ಟೇ ಲಭ್ಯ. ಕರ್ನಾಟಕದಲ್ಲಿ 2004ರಲ್ಲಿ ಎರಡೂ ಚುನಾವಣೆಗಳು ಒಟ್ಟಿಗೇ ನಡೆದವು. 2007ರಲ್ಲಿ ವಿಧಾನಸಭೆ ವಿಸರ್ಜನೆಯಾಗಿ 2008ರಲ್ಲಿ ಮತ್ತೆ ಮತದಾನವಾಯಿತು. ಈ ನಿಯಮ ಅಂದು ಇದ್ದಿದ್ದರೆ, 2008ರಲ್ಲಿ ಆರಿಸಿದ ಶಾಸಕರನ್ನು 2009ರಲ್ಲೇ ಮತ್ತೊಮ್ಮೆ ಆರಿಸಬೇಕಾಗುತ್ತಿತ್ತು.

ಸರ್ಕಾರಗಳು ನಡುವೆ ಬೀಳುವುದನ್ನು ಯಾವ ವೇಳಾಪಟ್ಟಿಯೂ ತಡೆಯಲಾರದು. ಹಾಗೆ ಬಿದ್ದಾಗ ಉಳಿತಾಯದ ಲೆಕ್ಕ ತಪ್ಪುತ್ತದೆ. ಮತದಾರ ಕೊಟ್ಟ ಐದು ವರ್ಷಗಳ ಅಧಿಕಾರವೂ ಮೊಟಕಾಗುತ್ತದೆ.