ಅತ್ತಿಗೆಯವರ ಹೊಸ ಗುಮಾಸ್ತ

ನಮ್ಮ ಅತ್ತಿಗೆಯವರು 31 ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿ ನಿವೃತ್ತರಾದವರು. ನಿವೃತ್ತಿಯೆಂದರೆ ವಿಶ್ರಾಂತಿ ಎಂದು ತಿಳಿಯುವ ಸ್ವಭಾವ ಅವರದಲ್ಲ. ಮೂರು ವರ್ಷಗಳ ಹಿಂದೆ ಜಯನಗರದ ತಮ್ಮ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಚಿಕ್ಕ ಕೊಠಡಿಯಲ್ಲಿ, ಒಂದು ಲ್ಯಾಪ್‌ಟಾಪ್, ಒಂದು ಮೈಕು, ಗೋಡೆಗೆ ತೂಗುಹಾಕಿದ ಒಂದು ಕಪ್ಪುಹಲಗೆ, ಇಷ್ಟನ್ನೇ ಬಂಡವಾಳ ಮಾಡಿಕೊಂಡು ಪರದೇಶದಲ್ಲಿರುವ ಕನ್ನಡದ ಮಕ್ಕಳಿಗಾಗಿ ಆನ್‌ಲೈನ್ ಪಾಠಕ್ರಮವೊಂದನ್ನು ಆರಂಭಿಸಿದರು. ಮೊದಲಿಗೆ ಸೇರಿದವರು ಆರು ಮಂದಿ. ಅವರಲ್ಲಿ ನಾಲ್ವರು ಬಂಧುಗಳ ಮಕ್ಕಳೇ. ಈಗ ನ್ಯೂಜೆರ್ಸಿ, ಸಿಂಗಪುರ, ಮೆಲ್ಬರ್ನ್‌ಗಳಿಂದ ಹಿಡಿದು ನಮ್ಮ ಪುಣೆಯವರೆಗೆ 43 ಮಕ್ಕಳಿದ್ದಾರೆ. ಪುಣೆ ಯಾವಾಗ ಪರದೇಶವಾಯಿತು ಎಂದು ನಾನೊಮ್ಮೆ ಕೇಳಿದ್ದುಂಟು. “ಕನ್ನಡ ಕಿವಿಗೆ ಬೀಳದ ಊರೆಲ್ಲ ಪರದೇಶವೇ ಕಣಪ್ಪ” ಎಂದರು. ಹಾಗಾದರೆ ನಮ್ಮ ಬೆಂಗಳೂರಿನ ಕೆಲವು ಬಡಾವಣೆಗಳು ಎಂದು ಹೇಳಹೊರಟವನು, ಕಾಫಿ ಇನ್ನೂ ಬಂದಿಲ್ಲವೆಂಬುದನ್ನು ನೆನೆದು ಸುಮ್ಮನಾದೆ.

ಪಾಠವನ್ನು ಚಿತ್ರೀಕರಿಸುವುದು ಈ ಉದ್ಯೋಗದಲ್ಲಿ ಅತಿ ಸುಲಭವಾದ ಭಾಗವಂತೆ. ಒಮ್ಮೆ ಮಾಡಿಟ್ಟರೆ ಎಲ್ಲರೂ ನೋಡಬಹುದು. ಆದರೆ ಪ್ರತಿಯೊಂದು ಮಗುವೂ ವಾರಕ್ಕೊಮ್ಮೆ ಒಂದು ಪುಟ ಬರೆದು ಕಳುಹಿಸುತ್ತದೆ. ತನ್ನ ದನಿಯಲ್ಲಿ ನಾಲ್ಕು ವಾಕ್ಯ ಓದಿ ಕಳುಹಿಸುತ್ತದೆ. 43 ಪುಟ, 43 ದನಿ. ಇವುಗಳ ಮೇಲೆ ತಾಯಂದಿರ ಪತ್ರಗಳು: ಈ ವಾರ ಹುಟ್ಟುಹಬ್ಬ, ಮುಂದಿನ ವಾರ ಈಜಿನ ಸ್ಪರ್ಧೆ, ಪಾಠದ ವೇಳೆಯನ್ನು ಬದಲಿಸಬಹುದೇ ಎಂದು. ಎಲ್ಲಕ್ಕೂ ಉತ್ತರ ಬರೆದು ಅತ್ತಿಗೆಯವರು ಮಲಗುವ ವೇಳೆಗೆ ರಾತ್ರಿ ಹನ್ನೆರಡಾಗುತ್ತಿತ್ತು. ಅಣ್ಣನವರು ಆರಿಹೋದ ಸಾರನ್ನು ತಾವೇ ಬಿಸಿಮಾಡಿಕೊಂಡು ಉಣ್ಣುವುದನ್ನು ಕಲಿತದ್ದು 72ನೆಯ ವಯಸ್ಸಿನಲ್ಲಿ, ಈ ಪಾಠಕ್ರಮದ ಪ್ರಸಾದದಿಂದಲೇ.

ತಾಯಿಯ ಕಷ್ಟವನ್ನು ನೋಡಲಾರದೆ, ಎಂಜಿನಿಯರನಾದ ಮಗ ಕಳೆದ ವರ್ಷ ಕೃತಕ ಬುದ್ಧಿಮತ್ತೆಯ ಏರ್ಪಾಡೊಂದನ್ನು ಮಾಡಿಕೊಟ್ಟ. ಅತ್ತಿಗೆಯವರು ಅದಕ್ಕೆ ‘ಗುಮಾಸ್ತ’ ಎಂದು ನಾಮಕರಣ ಮಾಡಿದರು. ಗುಮಾಸ್ತನ ದಕ್ಷತೆಯನ್ನು ನಾನು ಅಲ್ಲಗಳೆಯಲಾರೆ. ವಿಭಕ್ತಿ ಪ್ರತ್ಯಯಗಳ ಮೇಲೆ 20 ಪ್ರಶ್ನೆ ಬೇಕೆಂದರೆ ಕಣ್ಣು ಮಿಟುಕಿಸುವುದರೊಳಗೆ ಸಿದ್ಧ. ಮೆಲ್ಬರ್ನಿನ ಮಗುವಿಗೆ ಅಲ್ಲಿಯ ಸಂಜೆಗೆ, ನ್ಯೂಜೆರ್ಸಿಯ ಮಗುವಿಗೆ ಇಲ್ಲಿಯ ಸಂಜೆಗೆ ಸರಿಯಾಗಿ ಪಾಠದ ಜ್ಞಾಪನೆ ಹೋಗುತ್ತಿತ್ತು. ಈಜಿನ ಸ್ಪರ್ಧೆಯವರಿಗೆ ಬೇರೆ ವೇಳೆ ನಿಗದಿಯಾಗುತ್ತಿತ್ತು. ಅಣ್ಣನವರಿಗೆ ಬಿಸಿ ಸಾರು ಮರಳಿ ದೊರೆಯಿತು.

ತಪ್ಪುಗಳೂ ಇರಲಿಲ್ಲವೆಂದಲ್ಲ. ಬಂಧುವಾಚಕಗಳ ಪಾಠವನ್ನು ಬರೆಯಲು ಹೇಳಿದಾಗ ‘ಅಂಕಲ್’ ಎಂಬುದಕ್ಕೆ ‘ಚಿಕ್ಕಪ್ಪ’ ಎಂದು ಬರೆದು ಗುಮಾಸ್ತ ಕೈ ತೊಳೆದುಕೊಂಡಿದ್ದ. ದೊಡ್ಡಪ್ಪ, ಸೋದರಮಾವ, ಅತ್ತೆಯ ಗಂಡ, ಇವರೆಲ್ಲ ಎಲ್ಲಿಗೆ ಹೋದರು? ಮೈದುನನಾದ ನನಗೆ ಆ ಪಾಠದಲ್ಲಿ ಸ್ಥಾನವೇ ಇರಲಿಲ್ಲ. ಇಂಥವನ್ನು ಅತ್ತಿಗೆಯವರು ನಗುತ್ತ ತಿದ್ದಿಬಿಡುತ್ತಿದ್ದರು. ಆದರೆ ಇನ್ನೊಂದು ಬಗೆಯ ತಪ್ಪು ಅವರನ್ನು ಚಿಂತೆಗೆ ಈಡುಮಾಡಿತು. ಅದು ತಪ್ಪಿನ ರೂಪದಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಇಂಗ್ಲಿಷಿನ ನಡುವೆ ಬೆಳೆಯುವ ಮಕ್ಕಳ ನಾಲಗೆಗೆ ಳಕಾರ ಒಗ್ಗುವುದಿಲ್ಲ. ಮಗುವೊಂದು “ನಮ್ಮ ಅಜ್ಜಿ ಹಲ್ಲಿಯಲ್ಲಿ ಇದ್ದಾರೆ” ಎಂದು ಓದಿ ಕಳುಹಿಸಿತ್ತು. ಹಳ್ಳಿಯಲ್ಲಿರಬೇಕಾದ ಅಜ್ಜಿ ಹಲ್ಲಿಯೊಳಗೆ ಸೇರಿಕೊಂಡಿದ್ದರು! ದನಿಯನ್ನು ಅಕ್ಷರಕ್ಕಿಳಿಸುವ ಯಂತ್ರವು ಕೇಳಿದ ಶಬ್ದವನ್ನು ಮಾತ್ರ ನೋಡುವುದಿಲ್ಲ. ಹಿಂದುಮುಂದಿನ ಪದಗಳಿಗೆ ಯಾವುದು ಹೊಂದುವುದೆಂದು ಊಹಿಸಿ ಬರೆಯುತ್ತದೆ. ಅಜ್ಜಿ ಇರುವುದು ಹಳ್ಳಿಯಲ್ಲಿಯೇ ಎಂದು ಊಹಿಸಿ ‘ಹಳ್ಳಿ’ ಎಂದೇ ಬರೆಯಿತು. ಆ ಬರಹವನ್ನು ನೋಡಿ ಗುಮಾಸ್ತ ಹತ್ತಕ್ಕೆ ಹತ್ತು ಅಂಕ ಕೊಟ್ಟ. ಉಪಾಧ್ಯಾಯಿನಿಯ ಕಿವಿ ಹಿಡಿಯಬೇಕಾಗಿದ್ದ ದೋಷವನ್ನು ಯಂತ್ರದ ಔದಾರ್ಯ ಮುಚ್ಚಿಹಾಕಿತ್ತು. ಎರಡು ತಿಂಗಳು ಹೀಗೆಯೇ ನಡೆದು, ಮಗುವಿಗೆ ತನ್ನ ಉಚ್ಚಾರಣೆ ನಿರ್ದುಷ್ಟವೆಂಬ ನಂಬಿಕೆಯೇ ಬಂದುಬಿಟ್ಟಿತ್ತು.

ಇಷ್ಟರಲ್ಲಿ ಮಕ್ಕಳ ಪತ್ರಗಳಿಗೂ ಗುಮಾಸ್ತನೇ ಅತ್ತಿಗೆಯವರ ಹೆಸರಿನಲ್ಲಿ ಉತ್ತರ ಬರೆಯತೊಡಗಿದ್ದ. ಮೊದಮೊದಲು ಅವರು ಪ್ರತಿಯೊಂದನ್ನೂ ಓದಿಯೇ ಕಳುಹಿಸುತ್ತಿದ್ದರು. ತಿದ್ದಬೇಕಾದದ್ದು ಕಡಿಮೆಯಾದಂತೆ ಓದುವುದೂ ಕಡಿಮೆಯಾಯಿತು. ಮಾರ್ಚ್ ತಿಂಗಳ ಹೊತ್ತಿಗೆ ಪತ್ರಗಳು ತಾವಾಗಿಯೇ ಹೋಗುತ್ತಿದ್ದವು.

ಒಂದು ಭಾನುವಾರದ ತರಗತಿ. ನಾನೂ ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಆ ವಾರದ ಅಭ್ಯಾಸ, ಮನೆಯ ಹಿರಿಯರಿಂದ ಕಥೆಯೊಂದನ್ನು ಕೇಳಿ ಬರೆಯುವುದು. ಅತ್ತಿಗೆಯವರು ಹತ್ತು ವರ್ಷದ ಹುಡುಗಿಯೊಬ್ಬಳನ್ನು ಕರೆದು, “ಏನಮ್ಮ, ಮೈಸೂರಿನ ಅಜ್ಜಿ ಯಾವ ಕಥೆ ಹೇಳಿದರು?” ಎಂದು ಉಲ್ಲಾಸದಿಂದ ಕೇಳಿದರು. ಪರದೆಯ ಮೇಲೆ ಆ ಮುಖ ಒಂದು ಕ್ಷಣ ಹಾಗೆಯೇ ನಿಂತಿತು. ಅನಂತರ ಮೆಲ್ಲನೆ ಮಾತು ಬಂತು: “ಮಿಸ್, ಅಜ್ಜಿ ತೀರಿಕೊಂಡರು ಅಂತ ನಿಮಗೆ ಬರೆದಿದ್ದೆನಲ್ಲ? ನೀವು ಅಷ್ಟು ಚೆನ್ನಾಗಿ ಕಾಗದ ಬರೆದಿರಲ್ಲ?”

ಅತ್ತಿಗೆಯವರ ಬಾಯಿ ಕಟ್ಟಿಹೋಯಿತು. ತರಗತಿಯನ್ನು ಹೇಗೋ ಮುಗಿಸಿ ಪತ್ರಗಳ ಕಡತವನ್ನು ತೆಗೆದು ನೋಡಿದೆವು. ಮಗು ಎಂಟು ದಿನಗಳ ಹಿಂದೆ ಮೂರೇ ಸಾಲು ಬರೆದಿತ್ತು. ಒಂದು ನಿಮಿಷದೊಳಗೆ ಉತ್ತರ ಹೋಗಿತ್ತು. ಓದುಗರೇ, ಆ ಉತ್ತರದಲ್ಲಿ ಕುಂದು ಹುಡುಕಲು ನನ್ನಿಂದ ಆಗಲಿಲ್ಲ. ಅಕ್ಕರೆಯ ಮಾತುಗಳಿದ್ದವು, ಅಜ್ಜಿ ಕಲಿಸಿದ ಮಾತುಗಳಲ್ಲಿ ಅಜ್ಜಿಯನ್ನು ನೆನೆದುಕೋ ಎಂಬ ವಾಕ್ಯವೂ ಇತ್ತು. ನಾನು ಬರೆದಿದ್ದರೆ ಇದಕ್ಕಿಂತ ಕಳಪೆಯಾಗಿಯೇ ಬರೆಯುತ್ತಿದ್ದೆ. ಪತ್ರದ ಕೆಳಗೆ ಅತ್ತಿಗೆಯವರ ಹೆಸರಿತ್ತು. ಆ ಸಂಗತಿ ತಿಳಿಯದಿದ್ದವರು ಅವರೊಬ್ಬರೇ.

ಅಂದು ರಾತ್ರಿ ಅವರು ಹುಡುಗಿಯ ತಾಯಿಗೆ ದೂರವಾಣಿ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಬಳಿಕ ಹುಡುಗಿಯನ್ನೇ ಕರೆಸಿಕೊಂಡು, “ಆ ಕಾಗದ ನಾನು ಬರೆದದ್ದಲ್ಲ ಮಗು, ನನ್ನ ಯಂತ್ರ ಬರೆದದ್ದು. ನಾನು ನಿನ್ನ ಕಾಗದವನ್ನು ಓದಿಯೇ ಇರಲಿಲ್ಲ” ಎಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈಗ ಓದಿದಿರಾ?” ಎಂದು ಕೇಳಿದಳಂತೆ.

ದೂರದಿಂದ ಪಾಠ ಹೇಳುವುದು ಹೊಸತೇನಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಾಗಲೇ, ಶೀಘ್ರಲಿಪಿಯ ಐಸಾಕ್ ಪಿಟ್‌ಮನ್ ಅಂಚೆಯ ಮೂಲಕ ಪಾಠ ಆರಂಭಿಸಿದನು. ಶಿಷ್ಯರು ಬೈಬಲಿನ ಭಾಗಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸುವರು. ಅವು ತಿದ್ದಿ ಹಿಂದಕ್ಕೆ ಬರುವುವು. ಪುಸ್ತಕವನ್ನು ಮಾರಿ ಸುಮ್ಮನಿರಬಹುದಾಗಿತ್ತು. ತಿದ್ದಿದ ಹಾಳೆ ಹಿಂದಿರುಗಿದ್ದರಿಂದಲೇ ಅದು ಪಾಠವಾಯಿತು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಅದರಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಮದುವೆಯಾಗಿ ಓದು ನಿಂತಿದ್ದ ನಮ್ಮ ಅಕ್ಕ ಆ ಅಂಚೆ ಶಿಕ್ಷಣದಲ್ಲಿಯೇ ಬಿ.ಎ. ಮುಗಿಸಿದವಳು. ಅವಳ ಉತ್ತರದ ಹಾಳೆಯೊಂದರ ಅಂಚಿನಲ್ಲಿ ಯಾರೋ ಅಧ್ಯಾಪಕರು ಕೆಂಪು ಶಾಯಿಯಲ್ಲಿ ‘ಮುಂದೆಯೂ ಓದಿ’ ಎಂದು ಬರೆದಿದ್ದರು. ಎರಡೇ ಪದ. ಆ ಹಾಳೆ ಇಂದಿಗೂ ಅವಳ ಟ್ರಂಕಿನಲ್ಲಿದೆ.

ಹಾಗೆಂದು ಯಂತ್ರಕ್ಕೆ ಪಾಠದಲ್ಲಿ ಕೆಲಸವೇ ಇಲ್ಲವೆನ್ನುವವನು ನಾನಲ್ಲ. ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಅಶೋಕ್ ಗೋಯಲ್ ಎಂಬ ಪ್ರಾಧ್ಯಾಪಕರಿದ್ದಾರೆ. ಅವರ ಆನ್‌ಲೈನ್ ತರಗತಿಯ ಸುಮಾರು 300 ವಿದ್ಯಾರ್ಥಿಗಳು ಒಂದು ಅವಧಿಯಲ್ಲಿ ಹತ್ತು ಸಾವಿರದಷ್ಟು ಸಂದೇಶಗಳನ್ನು ಬರೆಯುತ್ತಿದ್ದರು. 2016ರಲ್ಲಿ ಅವರು ‘ಜಿಲ್ ವಾಟ್ಸನ್’ ಎಂಬ ಸಹಾಯಕಿಯನ್ನು ನೇಮಿಸಿದರು. ಹಿಂದಿನ ಅವಧಿಗಳ ಪ್ರಶ್ನೋತ್ತರಗಳಿಂದ ತರಬೇತಿ ಪಡೆದ ಜಿಲ್, ತನ್ನ ಉತ್ತರದಲ್ಲಿ ನೂರಕ್ಕೆ 97ರಷ್ಟು ಭರವಸೆ ಇದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಅವಳು ಐಬಿಎಮ್ ಸಂಸ್ಥೆಯ ವಾಟ್ಸನ್ ತಂತ್ರದಿಂದ ರಚಿತವಾದ ಯಂತ್ರವೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದು ಅವಧಿಯ ಕೊನೆಯಲ್ಲಿ. ಹೆಚ್ಚಿನವರು ಬೆರಗಾದರೇ ಹೊರತು ನೊಂದುಕೊಳ್ಳಲಿಲ್ಲ. ಏಕೆ ನೊಂದುಕೊಳ್ಳಬೇಕು? ಅವಳನ್ನು ಕೇಳಿದ್ದು ಲೇಖನ ಒಪ್ಪಿಸುವ ಕ್ರಮವೇನು, ಕೊನೆಯ ದಿನಾಂಕ ಯಾವುದು ಎಂಬಂಥ ಪ್ರಶ್ನೆಗಳನ್ನು. ದಿನಾಂಕ ಯಾರ ಬಾಯಿಂದ ಬಂದರೂ ದಿನಾಂಕವೇ.

ಅತ್ತಿಗೆಯವರು ಈಗ ಗುಮಾಸ್ತನನ್ನು ಕೆಲಸದಿಂದ ತೆಗೆದಿಲ್ಲ. ಅವನ ಮೇಜನ್ನು ಮಾತ್ರ ಬೇರೆ ಮಾಡಿದ್ದಾರೆ. ಪ್ರಶ್ನೆಗಳ ಕರಡು, ಜ್ಞಾಪನೆ, ವೇಳೆಯ ಹೊಂದಾಣಿಕೆ ಅವನವು. ಅವನ ಪತ್ರದ ಕೆಳಗೆ ಅವನದೇ ಹೆಸರು. ಮಕ್ಕಳು ಅವನನ್ನು ‘ಗುಮಾಸ್ತ ಮಾಮ’ ಎನ್ನುತ್ತಿದ್ದಾರೆ. ಚಿಕ್ಕಪ್ಪನೆಂದು ಕರೆಯದಿರುವುದು ಬಂಧುವಾಚಕಗಳ ತಿದ್ದಿದ ಪಾಠ ಫಲಿಸಿದ್ದಕ್ಕೆ ಸಾಕ್ಷಿಯೆಂದು ನನ್ನ ನಂಬಿಕೆ. ಮಕ್ಕಳು ತಾವಾಗಿ ಬರೆದದ್ದೆಲ್ಲ, ಓದಿ ಕಳುಹಿಸಿದ ದನಿಯೆಲ್ಲ ನೇರವಾಗಿ ಅತ್ತಿಗೆಯವರಿಗೆ. ಎಲ್ಲವೂ ಮುಗಿಯುವಾಗ ರಾತ್ರಿ ಹತ್ತೂವರೆ. ಹನ್ನೆರಡಲ್ಲ, ಎಂಟೂ ಅಲ್ಲ.

ಮಗನಿಗೆ ಈ ಏರ್ಪಾಡು ರುಚಿಸಿಲ್ಲ. ಇನ್ನೂ 18 ಮಕ್ಕಳು ಪ್ರವೇಶಕ್ಕಾಗಿ ಕಾದಿದ್ದಾರೆ. ಹಳೆಯ ಕ್ರಮವೇ ಇದ್ದಿದ್ದರೆ 200 ಮಕ್ಕಳನ್ನಾದರೂ ಸೇರಿಸಿಕೊಳ್ಳಬಹುದಾಗಿತ್ತು. “ಅಮ್ಮ, ನೀನು ಬೇಡವೆಂದ ಮಕ್ಕಳಿಗೆ ಕನ್ನಡವೇ ಇಲ್ಲದಂತಾಗುವುದಲ್ಲ? ಅರ್ಧ ಕನ್ನಡ ಬಂದರೆ ಏನು ನಷ್ಟ?” ಎಂದು ಅವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಅತ್ತಿಗೆಯವರಲ್ಲಿ ಉತ್ತರವಿಲ್ಲ, ನನ್ನಲ್ಲಿಯೂ ಇಲ್ಲ. ಹಳೆಯ ಸಹೋದ್ಯೋಗಿಗಳಿಬ್ಬರನ್ನು ಜೊತೆಗೆ ಕರೆದುಕೊಳ್ಳುವ ಯೋಚನೆ ನಡೆದಿದೆ. ಅವರಲ್ಲೊಬ್ಬರಿಗೆ ಕಿವಿ ಮಂದ. ಳಕಾರದ ಗತಿ ಏನಾಗುವುದೋ!

ಮೊನ್ನೆ ಶನಿವಾರ ನಾನು ಹೋದಾಗ ಅತ್ತಿಗೆಯವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದರು. ಅದೇ ಹುಡುಗಿಯ ಕಥೆ ಬಂದಿತ್ತಂತೆ. ಅಜ್ಜಿ ಇಲ್ಲದ್ದರಿಂದ, ಅಜ್ಜಿಯಿಂದ ತಾಯಿ ಕೇಳಿದ್ದ ಕಥೆಯನ್ನು ತಾಯಿಯಿಂದ ಕೇಳಿ ಹೇಳಿದ್ದಳು. ಅತ್ತಿಗೆಯವರು ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿದರು. “ಇಲ್ಲಿ ನೋಡು, ‘ಮಳೆ’ ಎನ್ನುವುದನ್ನು ‘ಮಲೆ’ ಎನ್ನುತ್ತಾಳೆ” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. ನನಗೆ ಬಾಯಿ ಮುಚ್ಚಿಕೊಂಡಿರುವಂತೆ ಸನ್ನೆಯಾಯಿತು. ಕಾಫಿಗಾಗಿ ನಾನು ಅಡುಗೆಮನೆಗೆ ಹೋದೆ. ಅಲ್ಲಿ ಅಣ್ಣನವರು ಸಾರು ಬಿಸಿಮಾಡುತ್ತಿದ್ದರು.