ಕೂಸಿನ ಬಜೆಟ್ ಬಾಣಂತಿಯ ತಟ್ಟೆಯಿಂದ ಶುರುವಾಗಲಿ

ಮನೆಗೆ ಹೊಸ ಕೂಸು ಬರ್ತದೆ ಅಂತ ಗೊತ್ತಾದ ಮೇಲೆ ನಮ್ಮ ಮನೆಗಳಲ್ಲಿ ಲೆಕ್ಕ ಶುರುವಾಗುತ್ತದೆ. ಆಸ್ಪತ್ರೆಗೆ ಎಷ್ಟು, ಸ್ಕ್ಯಾನಿಂಗ್‌ಗೆ ಎಷ್ಟು, ತೊಟ್ಟಿಲಿಗೆ ಎಷ್ಟು, ಕೂಸಿಗೆ ಚಿನ್ನ, ನೋಡಲು ಬರುವವರ ಊಟ, ಅಖೀಕದ ಆಡು. ಪಟ್ಟಿ ಉದ್ದ ಇರ್ತದೆ. ಆದರೆ ಎರಡು ಬಾಬತ್ತು ಅದರಲ್ಲಿ ಕಾಣುವುದೇ ಅಪರೂಪ. ಮೊದಲ ಒಂದು ವರ್ಷ ಕೂಸು ಏನು ಕುಡಿಯುತ್ತದೆ, ಏನು ತಿನ್ನುತ್ತದೆ ಎಂಬುದು ಒಂದು. ಹಾಲು ಕೊಡುವ ಉಮ್ಮ ಏನು ತಿನ್ನುತ್ತಾಳೆ ಎಂಬುದು ಇನ್ನೊಂದು.

ಮೈಸೂರಿನಲ್ಲಿ ನೆಲೆಸಿರುವ ಬ್ಯಾರಿ ಕುಟುಂಬಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ವ್ಯಾಪಾರ, ಕೆಲಸ, ಮಕ್ಕಳ ಓದು ಅಂತ ಕರಾವಳಿಯಿಂದ ಸಂಪಾಜೆ ಘಾಟಿ ಹತ್ತಿ ಬಂದವರು ನಾವು. ಮೊದಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಅಲ್ಲಿ ಉಮ್ಮ ಇದ್ದಾರೆ, ಅಜ್ಜಿ ಇದ್ದಾರೆ, ಬಾಣಂತನಕ್ಕೆ ಕೈಗಳು ಬೇಕಾದಷ್ಟು. ನಲವತ್ತು ಕಳೆದು ಉದಯಗಿರಿಯಲ್ಲೋ ರಾಜೀವನಗರದಲ್ಲೋ ಇರುವ ಬಾಡಿಗೆ ಮನೆಗೆ ವಾಪಸ್ ಬಂದಾಗ ಚಿತ್ರ ಬದಲಾಗುತ್ತದೆ. ಗಂಡ ಬೆಳಗ್ಗೆ ಅಂಗಡಿಗೆ ಹೋದರೆ ರಾತ್ರಿಗೇ ಬರುವುದು. ಕೆಲವರದ್ದು ಗಲ್ಫ್. ಅಡುಗೆ, ಬಟ್ಟೆ, ಕೂಸು ಎಲ್ಲ ಒಬ್ಬಳ ಮೇಲೆ. ತಾನು ಉಂಡದ್ದೆಷ್ಟು ಅಂತ ಕೇಳುವವರಿಲ್ಲ.

ಇಂಥ ಮನೆಯಲ್ಲಿ ಒಂದು ಸಂಜೆ ಕೂಸು ನಿಲ್ಲಿಸದೆ ಅಳುತ್ತದೆ. ಯಾರೋ "ಹಾಲು ಸಾಲ್ತಾ ಇಲ್ಲ ಅಂತ ಕಾಣ್ತದೆ" ಅನ್ನುತ್ತಾರೆ. ಗಂಡ ಮೆಡಿಕಲ್‌ಗೆ ಹೋಗಿ ಪುಡಿ ಡಬ್ಬಿ ತರುತ್ತಾನೆ. ಡಬ್ಬಿಯ ಹಾಲು ಹೆಚ್ಚಾದಂತೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಗುತ್ತದೆ. ತಿಂಗಳೊಳಗೆ ಮನೆಗೆ ಒಂದು ಕಾಯಂ ಖರ್ಚು ಸೇರಿಕೊಳ್ಳುತ್ತದೆ. ಅದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ನಾವು ಹೇಳುವುದು ಇಷ್ಟೇ: ಕೂಸಿನ ಊಟದ ವಿಚಾರ ಹೆರಿಗೆಗೆ ಮುಂಚೆಯೇ ಗಂಡ, ಹೆಂಡತಿ, ಹಿರಿಯರು ಕೂತು ಮಾತಾಡಬೇಕಾದದ್ದು. ಆ ಲೆಕ್ಕದ ಮೊದಲ ಸಾಲು ಬಾಣಂತಿಯ ಊಟ ಆಗಿರಬೇಕು.

ಇದು ನಮಗೆ ಹೊಸ ಮಾತೂ ಅಲ್ಲ. ಕುರ್‌ಆನಿನ ಅಲ್ ಬಕರ ಅಧ್ಯಾಯದ 233ನೇ ವಚನದಲ್ಲಿ ಎದೆಹಾಲಿನ ಪೂರ್ಣ ಅವಧಿ ಎರಡು ವರ್ಷ ಎಂಬುದಿದೆ. ಅದನ್ನು ನಾವೆಲ್ಲ ಮದ್ರಸದಲ್ಲಿ ಕೇಳಿದವರೇ. ಅದೇ ವಚನದ ಉಳಿದ ಭಾಗ ಅಷ್ಟಾಗಿ ನೆನಪಿರುವುದಿಲ್ಲ. ಹಾಲು ಕೊಡುವ ತಾಯಿಯ ಊಟ, ಬಟ್ಟೆಯ ಹೊಣೆಯನ್ನು ಅದು ತಂದೆಯ ಮೇಲೆ ಹಾಕುತ್ತದೆ. ಯಾರ ಮೇಲೂ ಶಕ್ತಿಗೆ ಮೀರಿದ ಭಾರ ಬೇಡ ಎನ್ನುತ್ತದೆ. ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ, ಒಪ್ಪಿ ಮಾಡಿ ಎನ್ನುತ್ತದೆ. ಬೇರೆಯವಳಿಂದ ಹಾಲು ಕುಡಿಸಲೂ ಅವಕಾಶ ಕೊಡುತ್ತದೆ. ಕೂಸಿಗೆ ಹಾಲು, ತಾಯಿಗೆ ಊಟ, ತಂದೆಗೆ ಖರ್ಚಿನ ಹೊಣೆ, ಇಬ್ಬರ ಸಮಾಲೋಚನೆ: ನಾಲ್ಕೂ ಒಟ್ಟಿಗೇ ಬಂದಿವೆ. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು, ಹೆಣ್ಣುಮಕ್ಕಳಿಗೆ ಉಪದೇಶ ಮಾಡಿ ಸುಮ್ಮನಾಗುತ್ತೇವೆ.

ಈಗ ಲೆಕ್ಕಕ್ಕೆ ಬರೋಣ. ಎರಡು ತಿಂಗಳ, ಸುಮಾರು ಐದು ಕಿಲೋ ತೂಕದ ಕೂಸು ಅಂತ ಇಟ್ಟುಕೊಳ್ಳಿ. ಪೂರ್ತಿ ಪುಡಿ ಹಾಲಿನಲ್ಲೇ ಬೆಳೆಯುವುದಾದರೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್‌ನಂತೆ ದಿನಕ್ಕೆ 750 ಮಿಲಿಲೀಟರ್ ಬೇಕು. ಸಾಮಾನ್ಯವಾಗಿ 30 ಮಿಲಿಲೀಟರ್ ನೀರಿಗೆ ಒಂದು ಚಮಚ ಪುಡಿ. ದಿನಕ್ಕೆ 25 ಚಮಚ, ಅಂದರೆ ಸುಮಾರು 110 ಗ್ರಾಂ. 400 ಗ್ರಾಂ ಡಬ್ಬಿ ನಾಲ್ಕು ದಿನವೂ ಬರುವುದಿಲ್ಲ, ತಿಂಗಳಿಗೆ ಎಂಟು ಡಬ್ಬಿ ಬೇಕು. ಡಬ್ಬಿಗೆ 400 ರೂಪಾಯಿ ಅಂತ ಕಡಿಮೆಯಲ್ಲೇ ಹಿಡಿದರೂ 3,200 ರೂಪಾಯಿ ಆಯಿತು. ಇದರ ಎರಡು ಪಟ್ಟು ಬೆಲೆಯ ಡಬ್ಬಿಗಳೂ ಇವೆ. ಬಾಟಲಿ, ನಿಪ್ಪಲ್, ಕುದಿಸುವ ಗ್ಯಾಸ್ ಬೇರೆ.

ಇನ್ನು ಬಾಣಂತಿಯ ಲೆಕ್ಕ. ಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕು ಎಂದು ನಮ್ಮ ದೇಶದ ಐಸಿಎಂಆರ್ ಹೇಳುತ್ತದೆ. ಎರಡು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಡಲೆಬೀಜ, ಮಾಮೂಲಿಗಿಂತ ಒಂದು ಬಟ್ಟಲು ಹೆಚ್ಚು ಅನ್ನ ಅಥವಾ ಒಂದು ರಾಗಿಮುದ್ದೆ. ಹೆಚ್ಚುಕಡಿಮೆ ಅಷ್ಟೇ. ವಾರದಲ್ಲಿ ಎರಡು ಮೂರು ದಿನ ಬೂತಾಯಿಯೋ ಬಂಗುಡೆಯೋ ಸಿಕ್ಕಿದರೆ ಇನ್ನೂ ಒಳ್ಳೆಯದು. ದಿನಕ್ಕೆ 60 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 1,800. ಡಬ್ಬಿಗೆ ಹಿಂದೆಮುಂದೆ ನೋಡದೆ ದುಡ್ಡು ಕೊಡುವ ಮನೆಯಲ್ಲಿ ಬಾಣಂತಿಯ ಎರಡು ಮೊಟ್ಟೆಗೆ ಲೆಕ್ಕ ಹಾಕುವುದು ಸರಿಯಾ?

"ಎದೆಹಾಲು ಪುಕ್ಕಟೆ" ಅಂತ ಹೇಳುವವರೂ ಇದ್ದಾರೆ. ಅದೂ ಸರಿಯಲ್ಲ. ದಿನಕ್ಕೆ ಎಂಟು ಹತ್ತು ಸಲ ಕೂತು ಹಾಲು ಕೊಡುವುದು, ರಾತ್ರಿ ನಿದ್ದೆ ಬಿಡುವುದು ದುಡಿಮೆಯೇ. ಅದಕ್ಕೆ ಬೇಕಾದ ಸಮಯವನ್ನು ಮನೆಯ ಉಳಿದವರು ಬಿಡುವು ಮಾಡಿ ಕೊಡಬೇಕು. ಬೆಳಗ್ಗೆ ಎರಡು ಗಂಟೆ ಬರುವ ಕೆಲಸದವಳ ಸಂಬಳವನ್ನೂ ಕೂಸಿನ ಖರ್ಚು ಅಂತಲೇ ಬರೆದುಕೊಳ್ಳಿ. ಗಂಡ ರಾತ್ರಿ ಪಾತ್ರೆ ತೊಳೆದರೆ ಮರ್ಯಾದೆ ಹೋಗುವುದಿಲ್ಲ. ರಮಝಾನಿನಲ್ಲಿ ತನಗೋ ಕೂಸಿಗೋ ತೊಂದರೆಯಾಗುತ್ತದೆ ಎಂಬ ಭಯವಿರುವ ತಾಯಿಗೆ ಉಪವಾಸ ಬಿಟ್ಟು ಆಮೇಲೆ ತೀರಿಸುವ ರಿಯಾಯಿತಿ ಇದೆ. ಅದನ್ನು ಮನೆಯ ಹಿರಿಯರೇ ನೆನಪಿಸಬೇಕು.

ಹಾಲು ನಿಜಕ್ಕೂ ಸಾಲುತ್ತಿಲ್ಲವಾ ಅಂತ ತಿಳಿಯುವ ದಾರಿ ಇದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕೆ ಕಡಿಮೆಯಿಲ್ಲದೆ ಮೂತ್ರ ಹೋಗುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತ ಅರ್ಥ. ಸಂಜೆ ಹೊತ್ತಿನ ಅಳುವಿಗೆ ನೂರು ಕಾರಣ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಗೆ ಹಾಕುವುದು, ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಚೆಲ್ಲದೆ ಕುಡಿಸುವುದು, ಆರು ತಿಂಗಳು ಎದೆಹಾಲು ಬಿಟ್ಟು ನೀರನ್ನೂ ಕೊಡದಿರುವುದು: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷದವರೆಗೆ, ಬೇಕಾದರೆ ಅದರಾಚೆಗೂ ಎದೆಹಾಲು ಮುಂದುವರಿಸಬಹುದು. ಜೇನುತುಪ್ಪ ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಗೂಸಿಗೆ ಅಪಾಯಕಾರಿ. ತಹ್ನೀಕ್‌ಗೆ ಖರ್ಜೂರ ಇದೆಯಲ್ಲ.

ಇಷ್ಟು ಹೇಳಿದ ಮೇಲೆ ಪುಡಿ ಹಾಲಿನ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಭಾರತದ ಮಕ್ಕಳ ಹಾಲುಪುಡಿಯ ಚರಿತ್ರೆಯಲ್ಲಿ ನಮ್ಮ ಮೈಸೂರಿನ ಹೆಸರಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದ ಮಕ್ಕಳ ಆಹಾರ ತಯಾರಿಸುವ ವಿಧಾನ ಕಂಡುಹಿಡಿದರು. ಎಮ್ಮೆ ಹಾಲು ಎಳೆಗೂಸಿನ ಹೊಟ್ಟೆಗೆ ಭಾರ. ಅದನ್ನು ಜೀರ್ಣವಾಗುವಂತೆ ಮಾಡುವುದೇ ಅವರ ಮುಂದಿದ್ದ ಸವಾಲು. ಆ ವಿಧಾನದಿಂದಲೇ ಗುಜರಾತಿನ ಆಣಂದದ ಸಹಕಾರ ಸಂಘದವರು ಅಮುಲ್ ಬೇಬಿ ಫುಡ್ ತಯಾರಿಸಿದರು. ಹೊರದೇಶದ ಡಬ್ಬಿಗಳನ್ನೇ ನಂಬಿದ್ದ ಕಾಲದಲ್ಲಿ ಅದು ದೊಡ್ಡ ಕೆಲಸ. ತಾಯಿ ತೀರಿಹೋದ ಕೂಸು, ತಾಯಿಗೆ ಎದೆಹಾಲು ಕೊಡಲಾಗದ ಕಾಯಿಲೆ ಇರುವ ಕೂಸು, ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದ ಕೂಸು ಇಂಥ ಪುಡಿಯಿಂದ ಬದುಕಿ ಬೆಳೆದಿವೆ. ಹಾಗಾಗಿ ಡಬ್ಬಿ ಹಿಡಿದ ತಾಯಿಯನ್ನು ಕಂಡ ಕೂಡಲೇ ಮೂಗು ಮುರಿಯುವ ಅಭ್ಯಾಸ ನಮ್ಮ ಹೆಂಗಸರು ಬಿಡಬೇಕು. ಅವಳ ಕಷ್ಟ ಅವಳಿಗೇ ಗೊತ್ತು.

ಆದರೆ ಡಬ್ಬಿಯನ್ನು ವೈದ್ಯರ ಸಲಹೆಯ ಮೇಲೆ ತನ್ನಿ. 1992ರ ಶಿಶು ಹಾಲಿನ ಬದಲಿ ಆಹಾರಗಳ ಕಾಯ್ದೆ, 2003ರ ತಿದ್ದುಪಡಿ ಸೇರಿ, ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು, ತಾಯಂದಿರಿಗೆ ಉಚಿತ ಡಬ್ಬಿ ಹಂಚುವುದನ್ನು ನಿಷೇಧಿಸಿದೆ. ಹಾಲುಪುಡಿ ಡಬ್ಬಿಯ ಮೇಲೆ ಕೂಸಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಶ್ರೇಷ್ಠ ಅಂತ ಬರೆಯಲೇಬೇಕು. ಯಾರಾದರೂ ಡಬ್ಬಿಯನ್ನು ಉಡುಗೊರೆ ಅಂತ ಕೈಗಿಟ್ಟರೆ ಯಾಕೆ ಅಂತ ಕೇಳಿ.

ಪುಡಿಯೇ ಬೇಕಾಯಿತು ಅಂತಾದರೆ ಅಳತೆ ತಪ್ಪಬಾರದು. ತಿಂಗಳ ಕೊನೆಗೆ ದುಡ್ಡು ಮುಗಿದಾಗ ಮೂರು ಚಮಚದ ಜಾಗದಲ್ಲಿ ಎರಡು ಹಾಕಿ ನೀರು ಹೆಚ್ಚು ಮಾಡುವುದು ಹಲವು ಮನೆಗಳಲ್ಲಿ ನಡೆಯುತ್ತದೆ. ಕೂಸಿನ ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಏರುವುದಿಲ್ಲ. ಇದು ಪುಡಿಗಿಂತ ದೊಡ್ಡ ಅಪಾಯ. ಅದಕ್ಕೇ ತಿಂಗಳ ಎಂಟು ಡಬ್ಬಿಯ ದುಡ್ಡನ್ನು ಮೊದಲೇ ತೆಗೆದಿಡಬೇಕು. ಬಾಟಲಿಗಿಂತ ನಮ್ಮ ಅಜ್ಜಿಯಂದಿರ ಒಳಲೆ ವಾಸಿ. ತೊಳೆಯಲು, ಕುದಿಸಲು ಸುಲಭ, ಖರ್ಚೂ ಒಂದೇ ಸಲ. ಗಲ್ಫಿನಿಂದ ಬರುವ ದೊಡ್ಡವರ ಹಾಲುಪುಡಿ ಚಹಾಕ್ಕೆ, ಪಾಯಸಕ್ಕೆ ಇರಲಿ, ಎಳೆಗೂಸಿಗೆ ಅಲ್ಲ. ಪ್ಯಾಕೆಟ್ ಹಾಲನ್ನೂ ಒಂದು ವರ್ಷದವರೆಗೆ ಎದೆಹಾಲಿನ ಬದಲಿಗೆ ಕುಡಿಸಬಾರದು.

ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚುತ್ತಿದೆ, ಅಲ್‌ಹಮ್ದುಲಿಲ್ಲಾಹ್. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ, ಕಾನೂನಿನ ಪ್ರಕಾರ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕೊಡಲು ದಿನಕ್ಕೆ ಎರಡು ಬಿಡುವು ಇದೆ. 50 ಅಥವಾ ಹೆಚ್ಚು ಮಂದಿ ಇರುವಲ್ಲಿ ಶಿಶುಪಾಲನಾ ಕೊಠಡಿಯೂ ಇರಬೇಕು. ನಮ್ಮವರೇ ನಡೆಸುವ ಶಾಲೆ, ಕ್ಲಿನಿಕ್, ಅಂಗಡಿಗಳಲ್ಲಿ ಇದು ಸಿಗುತ್ತಿದೆಯಾ ಅಂತ ಮೊದಲು ನೋಡಿಕೊಳ್ಳೋಣ. ಎದೆಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿ ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಮನೆಯಲ್ಲಿರುವ ಮಾಮಿ ಅದನ್ನು ಒಳಲೆಯಲ್ಲಿ ಕುಡಿಸಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆರು ತಿಂಗಳ ನಂತರದ ಊಟ ಮೈಸೂರಿನಲ್ಲಿ ಸುಲಭ. ಊರಲ್ಲಿ ನಾವು ರಾಗಿ ಮಣ್ಣಿ ಅನ್ನುತ್ತೇವೆ, ಇಲ್ಲಿಯವರು ರಾಗಿ ಸರಿ ಅನ್ನುತ್ತಾರೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಪುಡಿ ಮಾಡಿ ಇಟ್ಟರೆ ವಾರಗಟ್ಟಲೆ ಬರ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇಳೆ ಅನ್ನ, ಮುಳ್ಳು ತೆಗೆದು ಹಿಸುಕಿದ ಮೀನು, ಬೆಂದ ಮೊಟ್ಟೆ, ಬಾಳೆಹಣ್ಣು. ಉಪ್ಪು, ಸಕ್ಕರೆ ಬೇಡ. ಡಬ್ಬಿಯ ಸಿಹಿ ಸೀರಿಯಲ್‌ಗೆ ಕೊಡುವ ದುಡ್ಡಿನಲ್ಲಿ ತಿಂಗಳ ರಾಗಿ, ಬೇಳೆ, ಮೊಟ್ಟೆ ಬರ್ತದೆ.

ಸರಕಾರದಿಂದ ಸಿಗಬೇಕಾದ್ದನ್ನು ಬಿಡಬೇಡಿ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಇದೆ. ಗರ್ಭಿಣಿಯಾಗಿ ನೋಂದಾಯಿಸಿ ತಪಾಸಣೆಯಾದ ಮೇಲೆ 3,000, ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಯಾದ ಮೇಲೆ 2,000. ಎರಡನೆಯದು ಹೆಣ್ಣುಮಗುವಾದರೆ 6,000. ಬಿಪಿಎಲ್ ಕಾರ್ಡಿನವರು, ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದವರು ಅಂಗನವಾಡಿಯಲ್ಲಿ ವಿಚಾರಿಸಬಹುದು. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಗರ್ಭಿಣಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಿಂದ ಆಹಾರ ಸಿಗಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಾಷ್ಟ್ರೀಯ ಪಟ್ಟಿಯ ಲಸಿಕೆಗಳೆಲ್ಲ ಉಚಿತ. ಖಾಸಗಿಯಲ್ಲಿ ಅದಕ್ಕೆ ಸಾವಿರಗಟ್ಟಲೆ ಕೊಟ್ಟು, ಮನೆಗೆ ಬಂದು ಬಾಣಂತಿಯ ಹಾಲಿನ ಪ್ಯಾಕೆಟ್ ಕಡಿಮೆ ಮಾಡುವುದು ಯಾವ ಲೆಕ್ಕ?

ಕೊನೆಗೆ ಅಖೀಕದ ಮಾತು. ಅದು ಸುನ್ನತ್, ಶಕ್ತಿ ಇದ್ದವರಿಗೆ ಪುಣ್ಯದ ಕೆಲಸ. ಏಳನೇ ದಿನ ಉತ್ತಮ, ಆದರೆ ಶಾಫಿಈ ಮದ್‌ಹಬ್‌ನಲ್ಲಿ ಮಗು ಪ್ರಾಯಕ್ಕೆ ಬರುವವರೆಗೂ ಅವಕಾಶವಿದೆ. ಸಂಶಯವಿದ್ದರೆ ನಿಮ್ಮ ಮೊಹಲ್ಲಾದ ಉಸ್ತಾದರನ್ನು ಕೇಳಿ. ಸಾಲ ಮಾಡಿ ಹಾಲ್ ಬುಕ್ ಮಾಡಿ ಇನ್ನೂರು ಮಂದಿಗೆ ಬಿರಿಯಾನಿ ಹಾಕಬೇಕು ಅಂತ ಯಾವ ಕಿತಾಬಿನಲ್ಲೂ ಇಲ್ಲ. ಆ ಸಾಲದ ಕಂತು ಕಟ್ಟುವ ತಿಂಗಳುಗಳೇ ಬಾಣಂತಿ ಚೆನ್ನಾಗಿ ಉಣ್ಣಬೇಕಾದ ತಿಂಗಳುಗಳು. ಹುಡುಗಿಯ ತವರಿನಿಂದ ಕೂಸಿಗೆ ಇಷ್ಟು ಪವನ್ ಬರಬೇಕು ಅಂತ ಕಾಯುವವರಿಗೂ ಇದೇ ಮಾತು. ಕೊಡಲೇಬೇಕು ಅಂತಿರುವ ನೆಂಟರು ಉಂಗುರದ ಬದಲು ಆರು ತಿಂಗಳ ಮೊಟ್ಟೆ, ಹಾಲಿನ ದುಡ್ಡನ್ನು ಉಮ್ಮನ ಕೈಗೆ ಕೊಡಲಿ.

ಜಮಾಅತ್‌ಗಳೂ ಸಣ್ಣ ಕೆಲಸ ಮಾಡಬಹುದು. ಮೈಸೂರಿನಲ್ಲಿ ನಾವು ಕಡಿಮೆ ಮಂದಿ, ಯಾರ ಮನೆಯಲ್ಲಿ ಹೆರಿಗೆ ಅಂತ ಎಲ್ಲರಿಗೂ ಗೊತ್ತಿರ್ತದೆ. ಘಾಟಿಯ ಕೆಳಗಿನಿಂದ ಉಮ್ಮ ಬರಲಾಗದ ಮನೆಗೆ ಅಕ್ಕಪಕ್ಕದ ನಾಲ್ಕು ಮನೆಗಳು ಸರದಿಯಲ್ಲಿ ಮಧ್ಯಾಹ್ನದ ಊಟ ಕಳಿಸಬಹುದು. ಹೆಂಗಸರ ಕ್ಲಾಸಿಗೆ ಒಬ್ಬರು ನರ್ಸನ್ನೋ ವೈದ್ಯೆಯನ್ನೋ ಕರೆಸಿ ಹಾಲೂಡಿಸುವುದರ ಬಗ್ಗೆ ಮಾತಾಡಿಸಬಹುದು. ಗಂಡಸರಿಗೂ ಇದನ್ನು ಹೇಳುವ ಏರ್ಪಾಡು ಆಗಲಿ, ದುಡ್ಡು ಹಿಡಿದಿರುವವರು ಅವರೇ ತಾನೇ.

ನಿಮ್ಮ ಮನೆಯಲ್ಲಿ ಈಗ ಏಳನೇ ತಿಂಗಳೋ ಎಂಟನೇ ತಿಂಗಳೋ ನಡೆಯುತ್ತಿದ್ದರೆ ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ "ಬಾಣಂತಿಯ ಊಟ" ಅಂತ ಬರೆದು ಎದುರಿಗೆ ಮೊತ್ತ ಹಾಕಿ. ತೊಟ್ಟಿಲು, ಚಿನ್ನ, ಬಿರಿಯಾನಿ ಎಲ್ಲ ಅದರ ಕೆಳಗೆ, ಉಳಿದ ದುಡ್ಡಿನಲ್ಲಿ ಬರಲಿ.